ಗದ್ದುಗೆ ಮುಟ್ಟಿದ ಕೈ

ಹೊಳೆಯ ದಂಡೆಯಲ್ಲಿ ಒಂದು ಮಠ. ಅಲ್ಲಿನ ಹಿರಿಯ ಗುರುಗಳನ್ನು ಊರವರು ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ರೇವಣಯ್ಯ ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ.

ಮಕ್ಕಳ ಕೈಗೆ ಮೊಬೈಲ್ ಬಂದಿತ್ತು. ಅದರ ಹಿಂದೆಯೇ ಗುರುತಿಲ್ಲದವರೂ ಬಂದಿದ್ದರು. ತಂದೆತಾಯಿಗಳು ಗಾಬರಿಬಿದ್ದು ಮಠಕ್ಕೆ ಓಡಿ ಬಂದರು.

"ನೀನೇ ನೋಡ್ಕೊ" ಎಂದು ಅಜ್ಜಾರು ಶಿಷ್ಯನಿಗೆ ಒಪ್ಪಿಸಿದರು.

ರೇವಣಯ್ಯ ಚುರುಕಿನ ಮನುಷ್ಯ. ಯಾವ ಕೆಲಸವನ್ನೂ ನಾಳೆಗೆ ಇಡುತ್ತಿರಲಿಲ್ಲ, ಯೋಚನೆ ಮಾಡುವುದನ್ನು ಮಾತ್ರ ಇಡುತ್ತಿದ್ದ.

ಕುಡುಕರನ್ನು ಮಠಕ್ಕೆ ಕರೆತಂದು, ಹಿಂದಿನ ಗುರುಗಳ ಸಮಾಧಿಯ ಗದ್ದುಗೆ ಮುಟ್ಟಿಸಿ, ಕುಡಿತ ಬಿಡುವೆನೆಂದು ಆಣೆ ಮಾಡಿಸುವ ರೂಢಿ ಆ ಊರಿನಲ್ಲಿತ್ತು. ಮುಟ್ಟಿ ತಪ್ಪಿದರೆ ಮನೆಗೆ ಕೇಡು ಎಂದು ಎಲ್ಲರ ನಂಬಿಕೆ. ರೇವಣಯ್ಯ ಮಕ್ಕಳನ್ನೂ ಅಲ್ಲಿಯೇ ಸಾಲಾಗಿ ನಿಲ್ಲಿಸಿದ.

"ಗುರುತಿಲ್ಲದವರ ಜೋಡಿ ಮೊಬೈಲಿನಾಗ ಮಾತಾಡಂಗಿಲ್ಲ. ಫೋಟೋ ಕಳಸಂಗಿಲ್ಲ."

ಮಕ್ಕಳು ಗದ್ದುಗೆಯ ಮೇಲೆ ಕೈಯಿಟ್ಟು ಹೇಳಿದರು. ತಂದೆತಾಯಿಗಳು ನೆಮ್ಮದಿಯಿಂದ ಮನೆಗೆ ಹೋದರು.

ಕೆಲವು ವಾರಗಳ ಮೇಲೆ ರೇವಣಯ್ಯ ಹಿಗ್ಗುತ್ತ ಬಂದ.

"ಅಜ್ಜಾರ, ಒಂದೂ ತಕರಾರಿಲ್ಲರಿ. ಮಕ್ಕಳೆಲ್ಲ ಗಪ್‌ಚಿಪ್ ಅದಾವು."

"ಗಪ್‌ಚಿಪ್ ಇರೋ ಮಕ್ಕಳನ್ನ ಕಂಡ್ರ ನನಗ ಅಂಜಿಕಿ ಬರ್ತದ" ಎಂದರು ಅಜ್ಜಾರು.

ಶಿಷ್ಯ ನಕ್ಕುಬಿಟ್ಟ.

ಅಷ್ಟರಲ್ಲಿ ನೀಲಮ್ಮ ಎಂಬುವಳು ಮಗಳು ಅಮೂಲ್ಯಳ ರಟ್ಟೆ ಹಿಡಿದುಕೊಂಡು ಬಂದಳು. ಅಮೂಲ್ಯ ಎಂಟನೆಯ ತರಗತಿ.

"ಉಣ್ಣೂದು ಬಿಟ್ಟಾಳ್ರಿ. ದೃಷ್ಟಿ ತಾಗೇದ ಅನಸ್ತದ. ವಿಭೂತಿ ಹಚ್ರಿ."

"ಒಳಗ ಬಾರವ್ವಾ" ಎಂದರು ಅಜ್ಜಾರು.

ಹುಡುಗಿ ಗದ್ದುಗೆಯ ಕಡೆ ನೋಡಿದಳು. ಹೊಸ್ತಿಲಾಚೆಯೇ ನಿಂತು ಬಲಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ನಾ ಬರಂಗಿಲ್ರಿ."

ಅಜ್ಜಾರಿಗೆ ಅರ್ಥವಾಯಿತು. ಕಷ್ಟಪಟ್ಟು ಎದ್ದು ಗದ್ದುಗೆಯ ಮೇಲೆ ತಮ್ಮ ಕೈಯಿಟ್ಟರು.

"ರೇವಣಯ್ಯ ಮಕ್ಕಳಿಂದ ಮಾಡಿಸಿದ ಆಣಿ ಎಲ್ಲಾ ಇವತ್ತಿಗೆ ತೀರ್ತು. ಯಾರರೆ ತಪ್ಪಿದ್ರ ಅದರ ಕೇಡು ನನಗ ಬರಲಿ."

ಹುಡುಗಿ ಹೊಸ್ತಿಲ ಮೇಲೆ ಕುಸಿದು ಅತ್ತಳು.

"ಮೊಬೈಲ್ ಆಟದಾಗ ಒಬ್ಬಾಕಿ ಗೆಳತಿ ಆಗಿದ್ಲರಿ. ಫೋಟೋ ಕೇಳಿದ್ಲು, ಕಳಿಸಿದೆ. ಆಕಿ ಹುಡುಗಿ ಅಲ್ಲರಿ, ಯಾರೋ ಗಂಡಸು. ಈಗ ಎಂಥಾದೋ ಫೋಟೋ ಬೇಕಂತಾನ. ಇವತ್ತು ಸಂಜಿಯೊಳಗ ಕಳಸದಿದ್ರ ಮೊದಲಿಂದು ಊರಿಗೆಲ್ಲ ತೋರಸ್ತಾನಂತ."

"ಮನ್ಯಾಗ ಯಾಕ ಹೇಳಲಿಲ್ಲ?" ಎಂದ ರೇವಣಯ್ಯ.

"ಹೇಳಿದ್ರ ಆಣಿ ಮುರದದ್ದು ಗೊತ್ತಾಗ್ತದಲ್ರಿ. ಅಪ್ಪ ಲಾರಿ ಹೊಡಿತಾನ. ಅವಗ ಏನರೆ ಆದ್ರ?"

ರೇವಣಯ್ಯನ ಮುಖ ಬಿಳಿಚಿಕೊಂಡಿತು.

"ಮನಿ ಮಾನ ಕಳದ್ಯಲ್ಲೇ!" ಎಂದು ನೀಲಮ್ಮ ಹೊಡೆಯಲು ಕೈ ಎತ್ತಿದಳು.

"ನೀಲಮ್ಮ" ಎಂದರು ಅಜ್ಜಾರು. "ಆ ಕೈ ಇಲ್ಲಿ ತಂದಿಡು."

ಅವರು ತೋರಿಸಿದ್ದು ಗದ್ದುಗೆಯನ್ನು. ನೀಲಮ್ಮ ಎತ್ತಿದ ಕೈ ಇಳಿಸಿದಳು. ಬಂದು ಅದನ್ನು ಗದ್ದುಗೆಯ ಮೇಲಿಟ್ಟಳು.

"ಮಗಳು ಏನ ಹೇಳಿದ್ರೂ ಹೊಡಿಯಂಗಿಲ್ಲ, ಪೂರಾ ಕೇಳ್ತೀನಿ, ಅನ್ನು."

ಅಂದಳು. ಅನ್ನುತ್ತ ಅನ್ನುತ್ತ ಅವಳಿಗೂ ಅಳು ಬಂತು.

ಅಜ್ಜಾರು ಹುಡುಗಿಯ ಕಡೆ ತಿರುಗಿದರು. "ಅವಗ ಏನೂ ಕಳಸಬ್ಯಾಡ. ಅವ ಬರದದ್ದು ಒಂದೂ ಅಳಸಬ್ಯಾಡ. ರೇವಣಯ್ಯ, ಈಗಿಂದೀಗ ಇವರನ್ನ ಪೊಲೀಸರ ಹತ್ರ ಕರಕೊಂಡು ನಡಿ."

ಪೊಲೀಸರು ದೂರು ಬರೆದುಕೊಂಡರು. ಸಂಜೆ ಕಳೆಯಿತು. ಅಮೂಲ್ಯ ಅವನಿಗೆ ಫೋಟೋ ಕಳಿಸಲಿಲ್ಲ. ಅಪ್ಪ ಲಾರಿ ನಿಲ್ಲಿಸಿ ಮನೆಗೆ ಬಂದು, ಮಗಳ ಪಕ್ಕದಲ್ಲಿ ಕೂತು ಉಂಡ.

ರೇವಣಯ್ಯ ಮಠಕ್ಕೆ ಮರಳಿದಾಗ ಅವನ ತಲೆ ಬಗ್ಗಿತ್ತು. ನಾಚಿಕೆಯಾಗಿತ್ತು, ಆಗಬೇಕಾದ್ದೇ.

"ತಪ್ಪಾತ್ರಿ ಅಜ್ಜಾರ. ಇನ್ನ ಮಕ್ಕಳಿಂದ ಎಂಥಾ ಆಣಿ ಮಾಡಸಲಿ?"

"ಮಕ್ಕಳಿಂದ ಬ್ಯಾಡ."

"ಮತ್ತ ಯಾರಿಂದ್ರಿ?"

"ನಾಳೆ ಊರಾಗಿನ ದೊಡ್ಡವರನ್ನೆಲ್ಲ ಕರಿ, ನೀಲಮ್ಮ ಮಾಡಿದ ಆಣಿನೇ ಮಾಡಸೋಣ. ಸಾಲಿನಾಗ ಮೊದಲ ನೀ ನಿಂದ್ರು."