ನೊಣದವ್ವನ ಪಾಳಿ

ಬಹಳ ಹಿಂದೆ, ಬಸ್ಸು ಇನ್ನೂ ಆ ಕಡೆ ಮುಖ ಮಾಡದ ಕಾಲದಲ್ಲಿ, ಕೆರೆಯ ದಂಡೆಗೆ ಒಂದೂರಿತ್ತಂತೆ. ಊರ ಹೆಸರು ಕುದರಿಹಾಳ. ಹೆಸರಿಗೆ ತಕ್ಕಂತೆ ಅದು ಕುದುರೆಗಳ ಊರು. ರೈಲಿಳಿದವರನ್ನು ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸುವ ಟಾಂಗಾಗಳೆಲ್ಲ ಅಲ್ಲಿನವೇ. ಮೊದಲ ಟಾಂಗಾದ ಗೆಜ್ಜೆ ಸದ್ದು ಕೇಳಿದ ಮೇಲೆಯೇ ಹೆಂಗಸರು ಒಲೆ ಹೊತ್ತಿಸುತ್ತಿದ್ದರಂತೆ. ಆ ಗೆಜ್ಜೆಯೇ ಊರಿನ ಗಡಿಯಾರ.

ಆ ಊರಿಗೆ ಒಂದು ಪದ್ಧತಿಯಿತ್ತು. ಅದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕುದುರೆ ಜಡ್ಡು ಬಿದ್ದರೆ ಅದನ್ನು ಒಂಟಿಯಾಗಿ ಕಟ್ಟುತ್ತಿರಲಿಲ್ಲ. ಕೆರೆಯ ತಂಪಿನಲ್ಲಿ, ಹೊಂಗೆ ಮರದ ನೆರಳಿಗೆ ತಂದು, ಆಚೆಗೊಂದು ಈಚೆಗೊಂದು ಗಟ್ಟಿ ಕುದುರೆ ಕಟ್ಟಿ, ನಡುವೆ ಇದನ್ನು ನಿಲ್ಲಿಸುತ್ತಿದ್ದರು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾದರೆ ಎದೆಗೆಟ್ಟು ಸಾಯುತ್ತದೆ ಎಂದು ಅವರ ನಂಬಿಕೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದರು.

ಒಂದು ವರ್ಷ ಮಳೆ ನಿಂತ ಮೇಲೆ ಊರಿಗೆ ಸೊರಗುವ ಜಡ್ಡು ಬಂತು. ಜ್ವರ ಬರುವುದು, ಬಿಡುವುದು, ಮತ್ತೆ ಬರುವುದು. ಕುದುರೆ ಎಷ್ಟು ತಿಂದರೂ ಎಲುಬಿನ ಗೂಡಾಗುವುದು. ಕಾಲಿಗೆ, ಹೊಟ್ಟೆಯಡಿಗೆ ಬಾವು ಬರುವುದು. ಕೊನೆಗೆ ಹಿಂಗಾಲು ತೂರಾಡಿ ಬೀಳುವುದು. ಈಗಿನ ದನದ ಡಾಕ್ಟರರು ಅದನ್ನು ಸರ್ರಾ ಎನ್ನುತ್ತಾರೆ. ಆಗ ದೃಷ್ಟಿ ಎನ್ನುತ್ತಿದ್ದರು. ನಡುವಿನ ಕುದುರೆ ಸತ್ತರೆ, ಆಚೀಚಿನವೂ ಅದರ ಹಿಂದೆಯೇ ಹೋಗುತ್ತಿದ್ದವು. ಗೆಳೆತನದ ಸಂಕಟ ಎಂದು ಜನ ಕಣ್ಣೀರು ಹಾಕುತ್ತಿದ್ದರಂತೆ.

ಟಾಂಗಾ ಹೊಡೆಯುವ ದಾವಲಸಾಬನ ಹೆಣ್ಣುಕುದುರೆ ಗುಲಾಬಿಗೂ ಜ್ವರ ಬಂತು. ಅವನು ಅದಕ್ಕೆ ಕೈತುತ್ತು ಕೊಟ್ಟು ಬೆಳೆಸಿದ್ದ. ಒಂದು ಬದಿಗೆ ತಮ್ಮನ ಕುದುರೆ, ಇನ್ನೊಂದು ಬದಿಗೆ ನೆರೆಮನೆಯ ಹುಲಗಪ್ಪನ ಸುಲ್ತಾನ. ನಡುವೆ ಗುಲಾಬಿಯನ್ನು ಕಟ್ಟಿ, ಅವನು ದಿನವೂ ಕಣ್ಣಲ್ಲೇ ಅದರ ಎಲುಬು ಎಣಿಸುತ್ತ ಕೂರುತ್ತಿದ್ದ.

ಆ ಹೊತ್ತಿಗೆ ಅವಳು ಬಂದಳು. ಪಶುಗಳ ರೋಗ ಶೋಧಿಸಲು ಪಟ್ಟಣದಿಂದ ಬಂದ ಡಾಕ್ಟರಮ್ಮ. ಅವಳ ಹೆಸರು ಅಂಬುಜಾಬಾಯಿ ಎಂದು ಕೆಲವರು ಹೇಳುತ್ತಾರೆ, ಅಲ್ಲ ಎಂದು ಕೆಲವರು. ಅವಳು ಕುದುರೆಗೆ ಕಿವಿಗೊಟ್ಟರೆ ಅದರ ರಕ್ತ ಹರಿಯುವ ಸದ್ದು ಕೇಳುತ್ತಿತ್ತಂತೆ. ಅವಳ ಮೈಮೇಲೆ ಕೂತ ನೊಣ ಕಚ್ಚುವುದನ್ನೇ ಮರೆಯುತ್ತಿತ್ತಂತೆ. ಇದೆಷ್ಟು ನಿಜವೋ ತಿಳಿಯದು. ಆದರೆ ಅವಳ ಬಳಿ ಹಿತ್ತಾಳೆಯ ಸೂಕ್ಷ್ಮದರ್ಶಕ ಇದ್ದದ್ದು ನಿಜ. ಗುಲಾಬಿಯ ಕಿವಿಯಿಂದ ಒಂದು ಹನಿ ರಕ್ತ ತೆಗೆದು ದಾವಲಸಾಬನಿಗೆ ಅದರೊಳಗೆ ನೋಡಲು ಹೇಳಿದಳು. ಅವನು ಒಂದು ಕಣ್ಣು ಮುಚ್ಚಿ ನೋಡಿದ. ಕೆಂಪು ಕಾಳುಗಳ ನಡುವೆ ಹಾವುಮೀನಿನ ಮರಿಯಂಥದ್ದು ಹೊರಳಾಡುತ್ತಿತ್ತು. ಇದೇ ಜಡ್ಡಿನ ಹುಳ ಎಂದಳು ಅವಳು.

ಅದು ಒಂದು ಕುದುರೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂದು ಎಲ್ಲರಿಗೂ ತೋರಿಸಬೇಕಿತ್ತು. ಅವಳು ಬಲೆ ಹಿಡಿದು ದಂಡೆಯಲ್ಲಿ ಕೂತು ತೊಣಚಿ ಹಿಡಿದಳು. ತೊಣಚಿ ಎಂದರೆ ಬೆಲ್ಲಕ್ಕೆ ಮುತ್ತುವ ನೊಣವಲ್ಲ, ದನ ಕುದುರೆಗಳ ರಕ್ತ ಹೀರುವ ದೊಡ್ಡ ನೊಣ. ಅದರ ಬೆನ್ನಿಗೆ ಸುಣ್ಣದ ಚುಕ್ಕೆ ಇಟ್ಟು ಬಿಟ್ಟಳು.

ಹುಲಗಪ್ಪ ಸುಮ್ಮನಿರುವವನಲ್ಲ. "ನೊಣಕ್ಕ ಸುಣ್ಣ ಆತು, ಎಲಿ ಅಡಿಕಿ ಯಾವಾಗ ಕೊಡ್ತೀರಿ ಬಾಯಾರ?" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂದಿನಿಂದ ಅವಳು ನೊಣದವ್ವ.

ಸುಣ್ಣದ ತೊಣಚಿ ಗುಲಾಬಿಯ ಮೇಲೆ ಕೂತಿತು. ಗುಲಾಬಿ ಬಾಲ ಬೀಸಿತು. ಅರೆಹೊಟ್ಟೆಯ ತೊಣಚಿ ಎದ್ದು, ದೂರ ಹೋಗದೆ, ಪಕ್ಕದ ಸುಲ್ತಾನನ ಮೇಲೆ ಕೂತು ಮತ್ತೆ ಕಚ್ಚಿತು. ಬಾಯಿಗೆ ಹತ್ತಿದ ರಕ್ತ ಇನ್ನೂ ಹಸಿಯಾಗಿಯೇ ಇತ್ತು. ಹುಲಗಪ್ಪನ ನಗು ಅಲ್ಲೇ ನಿಂತಿತು. ಗೆಳೆತನದ ಸಂಕಟ ಎಂದುಕೊಂಡಿದ್ದು ಏನೆಂದು ಆಗ ತಿಳಿಯಿತು.

ಗುಲಾಬಿಯನ್ನು ಕೆರೆಯಿಂದ ದೂರ, ಒಣ ದಿಬ್ಬದ ಮೇಲೆ ಒಂಟಿಯಾಗಿ ಕಟ್ಟಬೇಕೆಂದು ನೊಣದವ್ವ ಹೇಳಿದಳು. ಪಟ್ಟಣಕ್ಕೆ ಸೂಜಿಮದ್ದಿಗೆ ಹೇಳಿ ಕಳಿಸಿದ್ದಳು, ಅದು ಬರುವವರೆಗೆ ಉಳಿದವನ್ನಾದರೂ ಕಾಯಬೇಕಿತ್ತು. ದಾವಲಸಾಬನಿಗೆ ಎದೆ ಒಡೆದಂತಾಯಿತು.

"ಜಡ್ಡಾದವರನ್ನ ಯಾರರ ಒಬ್ಬಂಟಿ ಬಿಟ್ಟು ಬರ್ತಾರೇನ್ರಿ ಬಾಯಾರ?" ಎಂದ.

ಆದರೂ ಕಟ್ಟಿ ಬಂದ. ಗುಲಾಬಿ ಒಂದೇ ಸಮನೆ ಕೆನೆಯಿತು. ಮೇವು ಮುಟ್ಟಲಿಲ್ಲ. ಮರುದಿನ ನೋಡಿದರೆ ಹಗ್ಗ ಹರಿದುಕೊಂಡು, ತೂರಾಡುತ್ತ ಬಂದು, ಸುಲ್ತಾನನ ಪಕ್ಕದಲ್ಲೇ ನಿಂತಿದೆ. ಊರವರ ಮಾತೂ ಸುಳ್ಳಾಗಿರಲಿಲ್ಲ. ಕುದುರೆಗೆ ಜೊತೆ ಬೇಕೇ ಬೇಕು.

ನೊಣದವ್ವ ಹರಿದ ಹಗ್ಗ ಎತ್ತಿಕೊಂಡು ಗಂಟು ಹಾಕಿದಳಂತೆ. ಆಮೇಲೆ, "ಜೊತಿ ಬೇಕು, ಖರೆ ಐತಿ ದಾವಲಣ್ಣ. ಆದ್ರ ಜೊತಿಗೆ ಕುದರೀನ ಬೇಕಂತ ಏನೈತಿ? ನಡಿ, ನಾವು ಕೂಡೂಣು" ಎಂದಳು.

ಗುಲಾಬಿಯನ್ನು ಮತ್ತೆ ದಿಬ್ಬಕ್ಕೆ ಒಯ್ದರು. ಬೇವಿನ ಸೊಪ್ಪಿನ ಹೊಗೆ ಹಾಕಿ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಅವನು ಕೂತರು. ಅವನು ಊಟಕ್ಕೆ ಹೋದರೆ ಅವಳು, ಅವಳು ರಕ್ತ ನೋಡಲು ಹೋದರೆ ಅವನು. ಗುಲಾಬಿ ಕೆನೆಯುವುದು ನಿಲ್ಲಿಸಿತು. ಹುಲಗಪ್ಪನೂ ರೊಟ್ಟಿ ಕಟ್ಟಿಕೊಂಡು ಬಂದು, "ಇವತ್ತು ಸುಲ್ತಾನನ ಬದಲಿ ನಾ ಬಂದೀನ್ರಿ" ಎಂದು ಕೂತನಂತೆ.

ಮದ್ದು ಬಂದು ಗುಲಾಬಿ ಎದ್ದು ಓಡಿತು ಎಂದು ಹೇಳುವವರಿದ್ದಾರೆ. ದಾವಲಸಾಬನ ಮನೆಯವರು ಹಾಗೆ ಹೇಳುವುದಿಲ್ಲ. ಮದ್ದು ಬರುವ ಮೊದಲೇ ಗುಲಾಬಿ ಅವನ ತೊಡೆಯ ಮೇಲೆ ತಲೆಯಿಟ್ಟು ಹೋಯಿತು. ಆದರೆ ತೊಣಚಿ ಕಚ್ಚಿದ್ದರೂ ಸುಲ್ತಾನ ಉಳಿಯಿತು, ತಮ್ಮನ ಕುದುರೆ ಉಳಿಯಿತು. ಆಮೇಲೆ ಜಡ್ಡಾದವು ದಿಬ್ಬದ ಮೇಲೆಯೇ ಸೂಜಿಮದ್ದು ಚುಚ್ಚಿಸಿಕೊಂಡು ಇಳಿದು ಬಂದವು. ಗುಲಾಬಿಯ ಗೆಜ್ಜೆಯನ್ನು ದಾವಲಸಾಬ ನೊಣದವ್ವನ ಕೈಗಿಟ್ಟ. ಅವಳು ಹೊರಟ ದಿನ ಅವಳ ಚೀಲದೊಳಗಿಂದ ಅದು ದಾರಿಯುದ್ದಕ್ಕೂ ಕೇಳುತ್ತಿತ್ತಂತೆ.

ಈಗ ಕುದರಿಹಾಳದಲ್ಲಿ ಕುದುರೆಗಳಿಲ್ಲ, ಆಟೋಗಳಿವೆ. ಆದರೂ ಎಮ್ಮೆಗೋ ಎತ್ತಿಗೋ ಜ್ವರ ಬಂದರೆ ಅದನ್ನು ದಿಬ್ಬದ ಮೇಲೆ ಕಟ್ಟಿ, ಬೇವಿನ ಹೊಗೆ ಹಾಕಿ, ಮನೆಯವರೊಬ್ಬರು ಪಕ್ಕದಲ್ಲಿ ಕೂರುತ್ತಾರೆ. ಎಲ್ಲಿಗೆ ಹೊರಟಿರಿ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ, ಇವತ್ತಿಗೂ ಒಂದೇ ಉತ್ತರ:

"ನೊಣದವ್ವನ ಪಾಳಿ ಐತ್ರಿ."

ಹಾಗೆಂದವರನ್ನು ಆ ಊರಿನಲ್ಲಿ ಯಾರೂ ಮಾತಿಗೆ ನಿಲ್ಲಿಸಿಕೊಳ್ಳುವುದಿಲ್ಲ.