ರಾಣಿಯ ಚೌರಿ, ರಾಜನ ಚೌರ

ಹತ್ತಿರ ಬನ್ನಿ, ಮಕ್ಕಳೇ. ಕಾಲು ಮಡಚಿ ಕೂತುಕೊಳ್ಳಿ. ಈ ಕಥೆ ಮುಗಿಯುವ ತನಕ ಯಾರೂ ಗಲ್ಲ ಸವರಿಕೊಳ್ಳಬಾರದು. ಯಾಕೆ ಅನ್ನುವುದು ನಿಮಗೇ ತಿಳಿಯುತ್ತದೆ.

ಕಗ್ಗಲಪುರ ಅಂತ ಒಂದು ರಾಜ್ಯ. ಅಲ್ಲಿ ಮಲ್ಲರಾಯ ಅಂತ ಒಬ್ಬ ರಾಜ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಕೋಟೆ ಇತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ ಒಂದು ಗಡ್ಡ ಇತ್ತು. ಅಂಥಿಂಥ ಗಡ್ಡವಲ್ಲ! ಬೆಳಿಗ್ಗೆ ಬೋಳಿಸಿದರೆ ಸಂಜೆಗೆ ಜೋಳದ ಕೂಳೆಯ ಹಾಗೆ ಎದ್ದು ನಿಲ್ಲುತ್ತಿತ್ತು. ಎಂಥ ಕತ್ತಿಯ ಬಾಯಿಯೂ ಅದರ ಮುಂದೆ ಮೊಂಡಾಗುತ್ತಿತ್ತು.

ರಾಣಿಯ ಹೆಸರು ಸಿರಿಯಮ್ಮಣ್ಣಿ. ಅವಳಿಗೆ ಇದ್ದದ್ದು ಜಡೆ. ಮೊಣಕಾಲು ಮುಟ್ಟುವ ಜಡೆ. ಅದರ ಮೇಲೆ ಊರ ಹೆಂಗಸರು ಹಾಡು ಕಟ್ಟಿ ರಾಗಿ ಬೀಸುವಾಗ ಹಾಡುತ್ತಿದ್ದರು. ಆದರೆ ನಿಮಗೊಂದು ಗುಟ್ಟು ಹೇಳುತ್ತೇನೆ. ಆ ಜಡೆಯಲ್ಲಿ ಮೇಲಿನ ಒಂದು ಗೇಣು ಮಾತ್ರ ರಾಣಿಯದು. ಕೆಳಗಿನದೆಲ್ಲ ಚೌರಿ, ಕಟ್ಟುಗೂದಲು! ಹಿಂದೊಮ್ಮೆ ಜ್ವರ ಬಂದು ಅವಳ ತಲೆಗೂದಲು ಉದುರಿಹೋಗಿತ್ತು. ಆಗ ಅವಳ ತಾಯಿ ತನ್ನ ಕೂದಲನ್ನೇ ಕತ್ತರಿಸಿ, ಬುಡಕ್ಕೊಂದು ಬೆಳ್ಳಿಯ ಗುಂಡು ಸೇರಿಸಿ, ಬಿಗಿಯಾಗಿ ಕಟ್ಟಿಕೊಟ್ಟಿದ್ದಳು. ಆ ತಾಯಿ ಈಗಿಲ್ಲ. ರಾಣಿ ಆ ಚೌರಿಗೆ ದಿನವೂ ಸಂಪಿಗೆ ಎಣ್ಣೆ ಸವರಿ, ಗಂಧದ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ರಾಜನಿಗೂ ಈ ಗುಟ್ಟು ಗೊತ್ತಿರಲಿಲ್ಲ. ಗಂಡಸರು ಜಡೆ ನೋಡುತ್ತಾರೆಯೇ ಹೊರತು ಬುಡ ನೋಡುತ್ತಾರೆಯೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ರಾಣಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ರಾಜ ತೀರ್ಮಾನ ಮಾಡಿದ. "ಮುಳ್ಳನ್ನು ಮುಳ್ಳಿನಿಂದಲೇ ತೆಗೀಬೇಕು. ಈ ಗಡ್ಡಕ್ಕೆ ನೊರೆ ಹಚ್ಚೋದಕ್ಕೆ ಹಂದಿ ಕೂದಲಿನ ಕುಂಚವೇ ಆಗಬೇಕು. ಒಳ್ಳೆ ಕುಂಚ ತಂದವರು ಕೇಳಿದ್ದು ಕೊಡ್ತೀನಿ." ಡಂಗುರ ಹೊಡೆಸಿದ.

ಕುಂಚ ಕಟ್ಟುವ ಮಾಸ್ತಮ್ಮ ಬಂದಳು. ನೇಕಾರರು ನೂಲಿಗೆ ಗಂಜಿ ಬಳಿಯುವ ಕುಂಚಗಳೆಲ್ಲ ಅವಳ ಕೈಯವೇ. ಕೈ ಒಳ್ಳೆಯದು, ನಾಲಿಗೆ ಮಾತ್ರ ಹಾಗಲಕಾಯಿ. ಅವಳು ತಂದದ್ದು ಕಾಡುಹಂದಿಯ ಬೆನ್ನಿನ ಬಿರುಗೂದಲಿನ ಕುಂಚ. ನೋಡಿದರೆ ಮುಳ್ಳುಹಂದಿಯ ಮರಿ, ಮೂಸಿದರೆ ಹಂದಿಯ ಗವಲು.

"ಬುದ್ಧೀ, ಈಗ್ಲೇ ಮೊಕಕ್ಕೆ ಮುಟ್ಟಿಸ್ಬ್ಯಾಡಿ" ಅಂದಳು. "ಇದಿನ್ನೂ ಕಾಡು ಬಿಟ್ಟು ಬಂದಿಲ್ಲ. ನೀರಲ್ಲಿ ನೆನೆಸ್ಬೇಕು, ಅಂಗೈ ಮ್ಯಾಲೆ ನೊರೆ ಎಬ್ಬಿಸ್ಬೇಕು, ನೆಳ್ಳಾಗೆ ಒಣಗಿಸ್ಬೇಕು. ಮತ್ತೆ ನೀರು, ಮತ್ತೆ ನೊರೆ, ಮತ್ತೆ ನೆಳ್ಳು. ಹಂಗೆ ಪಳಗಿಸ್ತಾ ಹೋದ್ರೆ ಒಂದೊಂದು ಕೂದ್ಲೂ ತುದೀಲಿ ಸೀಳಿ ಹೂವಾಗ್ತದೆ. ನಾನು ತುದಿ ಕತ್ತರ್ಸಿಲ್ಲ. ತುದಿ ಕತ್ತರ್ಸಿದ್ದು ಯಾವತ್ತೂ ಪಳಗಾಕಿಲ್ಲ."

ರಾಜ ನಕ್ಕುಬಿಟ್ಟ. "ಆನೆ ಪಳಗಿಸಿದ್ದೀನಿ, ಕುದುರೆ ಪಳಗಿಸಿದ್ದೀನಿ. ಕುಂಚ ಪಳಗಿಸೋ ಕರ್ಮ ನನಗ್ಯಾಕೆ?"

"ಆನೆ ಕುದುರೆ ನಿಮ್ಮ ಮೊಕ ಉಜ್ಜಾಕಿಲ್ಲ ಬುದ್ಧಿ" ಅಂದಳು ಮಾಸ್ತಮ್ಮ.

ರಾಜನಿಗೆ ಸಿಟ್ಟು ಬಂತು. ಅಲ್ಲೇ ಕುಂಚವನ್ನು ನೊರೆಗೆ ಅದ್ದಿ ಗಲ್ಲಕ್ಕೆ ಹಾಕಿ ಗಸಗಸ ಉಜ್ಜಿದ. ಅಯ್ಯೋ ಶಿವನೇ! ಗಲ್ಲವೆಲ್ಲ ಕೆಂಪು ಕೆಂಪು, ಮೂಗಿನ ತುಂಬ ಹಂದಿ ನಾತ. ಸಿಂಹಾಸನದ ಮೇಲೆ ಕೂತ ದೊರೆ ಚೇಳು ಕಡಿದವನ ಹಾಗೆ ಎದ್ದು ಕುಣಿದ. ಸಭೆಗೆ ಸಭೆಯೇ ಬೆಚ್ಚಿಬಿತ್ತು.

ರಾಜನ ಬೆನ್ನ ಹಿಂದೆ ಒಬ್ಬ ನಿಂತಿದ್ದ. ಅವನು ಅರಮನೆಯ ಪಾರುಪತ್ಯಗಾರ. ಒಳಮನೆ ಹೊರಮನೆಯ ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿ. ಮಾತು ಬೆಣ್ಣೆಯಂತಿದ್ದುದರಿಂದ ಎಲ್ಲರೂ ಅವನನ್ನು ಬೆಣ್ಣಯ್ಯ ಅನ್ನುತ್ತಿದ್ದರು. ದಿವಾನನಾಗಬೇಕೆಂಬುದು ಅವನ ಬಹುದಿನದ ಆಸೆ. ಅವನು ರಾಜನ ಕಿವಿಗೆ ಬಾಗಿದ. "ಮಹಾಪ್ರಭು, ಇದು ಕುಂಚವಲ್ಲ, ಸಂಚು. ಮುಖ ಕೆಡಿಸಿದವಳ ತಲೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ, ಗಡಿ ದಾಟಿಸಬೇಕು. ನಿಮ್ಮ ಗಲ್ಲಕ್ಕೆ ತಕ್ಕ ಕುಂಚ ನಾನು ತರ್ತೀನಿ."

"ತಂದರೆ ನೀನೇ ದಿವಾನ" ಅಂದ ರಾಜ, ಗಲ್ಲ ಹಿಡಿದುಕೊಂಡೇ. ಮಾಸ್ತಮ್ಮನನ್ನು ಸೆರೆಗೆ ಹಾಕಿದರು. ಬರುವ ಸೋಮವಾರ ಅವಳ ತಲೆ ಬೋಳಿಸುವುದು ಎಂದಾಯಿತು.

ಮಾರನೆಯ ಬೆಳಿಗ್ಗೆ ರಾಣಿ ಗಂಧದ ಪೆಟ್ಟಿಗೆ ತೆಗೆದಳು. ಪೆಟ್ಟಿಗೆ ಬರಿದು! ಹಾಸಿಗೆ ಕೊಡವಿದಳು, ಮೂಲೆ ಮೂಲೆ ತಡಕಿದಳು. ಚೌರಿ ಇಲ್ಲ. ಕಳುವಾಯಿತು ಅಂತ ಕೂಗೋಣ ಅಂದರೆ ಏನು ಕಳುವಾಯಿತು ಅಂತ ಹೇಳುವುದು? ಕಳ್ಳನಿಗೆ ಚೇಳು ಕುಟುಕಿದ ಹಾಗೆ ಅಂತಾರಲ್ಲ, ಇಲ್ಲಿ ಕಳವು ಕೊಟ್ಟವಳಿಗೇ ಆ ಗತಿ. ಕೂಗುವ ಹಾಗಿಲ್ಲ, ಸುಮ್ಮನಿರುವ ಹಾಗಿಲ್ಲ. ತಲೆನೋವು ಅಂತ ತಲೆತುಂಬ ಸೆರಗು ಹೊದ್ದು ಹೊರಗೆ ಬಂದಳು.

ಹೊರಗೆ ರಾಜ ಮುಖದ ತುಂಬ ನೊರೆ ಮಾಡಿಕೊಂಡು ಕಣ್ಣು ಮುಚ್ಚಿ ಕೂತಿದ್ದಾನೆ. "ಬಾ, ಅಮ್ಮಣ್ಣಿ! ಬೆಣ್ಣಯ್ಯ ತಂದ ಕುಂಚ ನೋಡು, ಇದೂ ಹಂದಿ ಕೂದಲೇ ಅಂತೆ. ಮೊದಲನೇ ದಿನವೇ ಎಷ್ಟು ನಯ! ಪಳಗಿಸೋದೂ ಬೇಡ, ಗಿಳಗಿಸೋದೂ ಬೇಡ." ಹೀಗೆಂದು ಆ ಕುಂಚವನ್ನು ಅವಳ ಅಂಗೈಗೆ ಸವರಿದ.

ನೀರು ಬಿದ್ದ ಕೂದಲಿನಿಂದ ಸಂಪಿಗೆಯ ವಾಸನೆ ಎದ್ದಿತು.

ರಾಣಿ ಕೈ ಹಿಂದೆಳೆದುಕೊಂಡಳು. ಆ ನಯ ಅವಳಿಗೆ ಗೊತ್ತು. ಚಿಕ್ಕವಳಿದ್ದಾಗ ಅದೇ ಕೂದಲಲ್ಲಿ ಮುಖ ಹುದುಗಿಸಿ ಅವಳು ನಿದ್ದೆ ಹೋಗಿದ್ದಳು. ಅದು ಈಗ ಗಂಡನ ಗಡ್ಡದ ನೊರೆಯಲ್ಲಿ! ತಲೆ ಎತ್ತಿದರೆ ಬೆಣ್ಣಯ್ಯ ಕೈ ಕಟ್ಟಿಕೊಂಡು ನಗುತ್ತಿದ್ದಾನೆ.

"ಅಮ್ಮಣ್ಣಿಯವರಿಗೆ ತಲೆನೋವಂತೆ" ಅಂದ ಮೆಲ್ಲಗೆ. "ಸೆರಗು ಜೋಪಾನ, ತಾಯಿ. ಗಾಳಿ ಜೋರಾಗಿದೆ."

ಆಗ ಅವಳಿಗೆ ಎಲ್ಲ ತಿಳಿಯಿತು. ಬೀಗದ ಕೈ ಅವನದು, ಕಳವು ಅವನದು. ಇವಳು ಬಾಯಿ ಬಿಡಲಾರಳು ಅನ್ನುವ ಧೈರ್ಯವೂ ಅವನದೇ. ಹೇಳಿದರೆ ನಾಡೆಲ್ಲ ನಗುತ್ತದೆ. ಹೇಳದಿದ್ದರೆ ತಪ್ಪಿಲ್ಲದ ಮಾಸ್ತಮ್ಮ ಸೋಮವಾರ ಕತ್ತೆ ಏರುತ್ತಾಳೆ.

ತನ್ನ ಗುಟ್ಟೂ ಉಳಿಯಬೇಕು, ಅವಳ ತಲೆಯೂ ಉಳಿಯಬೇಕು. ಏನು ಮಾಡುವುದು? ರಾಣಿ ಹಿತ್ತಿಲಿಗೆ ಹೋದಳು. ರಾಜ ಎಸೆದ ಹಂದಿ ಕೂದಲಿನ ಕುಂಚ ಕಸದಲ್ಲಿ ಬಿದ್ದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸೆರೆಮನೆಯ ಕಿಟಕಿಗೆ ಬಂದಳು.

"ಅವ್ವಾ, ಇದನ್ನ ಪಳಗಿಸೋದು ಹೆಂಗೆ?"

"ಹೇಳ್ದೆನಲ್ಲ ತಾಯಿ. ದೊಡ್ಡೋರ ಕಿವೀಗೆ ಓಲೆ ಹಾಕೋಕೆ ಮಾತ್ರ ತೂತಾ?" ಅಂದಳು ಮಾಸ್ತಮ್ಮ. ರಾಣಿ ತಲೆ ತಗ್ಗಿಸಿ ನಿಂತದ್ದು ನೋಡಿ ಅವಳ ದನಿ ಇಳಿಯಿತು. "ನೆನೆಸಿ, ನೊರೆ ಮಾಡಿ, ನೆಳ್ಳಾಗೆ ಒಣಗ್ಸಿ. ಆತುರ ಬ್ಯಾಡ. ಬಿಸಿಲಿಗೆ ಇಟ್ರೋ, ಕೆಲ್ಸ ಕೆಟ್ಟೋತು ಅಂತಲೇ."

ರಾಣಿ ಬಾಗಿಲು ಹಾಕಿಕೊಂಡು ಕೂತಳು. ನೆನೆಸಿದಳು, ಅಂಟುವಾಳದ ನೊರೆ ಎಬ್ಬಿಸಿದಳು, ನೆರಳಿಗಿಟ್ಟಳು. ಮೊದಲು ಅಂಗೈ ಚುಚ್ಚಿತು, ಮುಳ್ಳಿನ ಹಾಗೆ. ಆಮೇಲೆ ಉಜ್ಜಿತು, ಪೊರಕೆಯ ಹಾಗೆ. ಕೊನೆಗೊಮ್ಮೆ ಸವರಿತು, ಕರುವಿನ ಕಿವಿಯ ಹಾಗೆ. ಹಂದಿಯ ನಾತ ಎಲ್ಲಿ ಹೋಯಿತೋ! ಬೆಳಕಿಗೆ ಹಿಡಿದು ನೋಡಿದರೆ ಒಂದೊಂದು ಕೂದಲ ತುದಿಯೂ ಸೀಳಿ ಅರಳಿತ್ತು. ರಾಣಿಗೆ ನಂಬಲಿಕ್ಕಾಗಲಿಲ್ಲ.

ಅತ್ತ ಬೆಣ್ಣಯ್ಯನ ಕುಂಚದ ಕಥೆಯೇ ಬೇರೆ. ಮೊದಲ ದಿನ ರಾಜ "ಆಹಾ" ಅಂದ. ಮರುದಿನ ಕೂದಲು ಜೋತುಬಿತ್ತು, ನೊರೆ ಏಳಲೇ ಇಲ್ಲ. ರಾಜ "ಹೂಂ" ಅಂದ. ಅದರ ಮರುದಿನ ಒಳಗಿನ ಅಂಟು ಬಿಟ್ಟು ಎಳೆ ಎಳೆಯಾಗಿ ಕೂದಲು ಗಲ್ಲಕ್ಕೆ ಮೆತ್ತಿಕೊಂಡಿತು. ರಾಜ "ಥೂ" ಅಂದ. ಗಡ್ಡ ನೆನೆಯದೆ ಕತ್ತಿ ಜಗ್ಗಿ ಎರಡು ಕಡೆ ರಕ್ತವೂ ಬಂತು.

"ತಮ್ಮ ಪರಾಕ್ರಮಕ್ಕೆ ಕುಂಚವೇ ನಾಚಿ ತಲೆ ಬಾಗಿದೆ, ಮಹಾಪ್ರಭು" ಅಂದ ಬೆಣ್ಣಯ್ಯ. ರಾಜ ಉಬ್ಬಿಹೋದ. ಹೊಗಳಿಕೆ ಅನ್ನುವುದು ಅಂಥದ್ದು, ಮಕ್ಕಳೇ. ರಕ್ತ ಬಂದ ಜಾಗಕ್ಕೂ ಸವರಬಹುದು.

ರಾಣಿ ಅದೇ ಸಮಯ ನೋಡಿ "ಆ ಮಾಸ್ತಮ್ಮನ ಕುಂಚ..." ಅಂತ ಮಾತು ತೆಗೆದಳು. "ಆ ಮುಳ್ಳುಹಂದಿಯ ಹೆಸರು ನನ್ನ ಮುಂದೆ ಎತ್ತಬೇಡ" ಅಂತ ರಾಜ ಎದ್ದು ಹೋದ. ಇದ್ದ ಒಂದು ದಾರಿಯೂ ಮುಚ್ಚಿತು.

ಸೋಮವಾರ ಬಂತು. ಅರಮನೆಯ ಅಂಗಳದಲ್ಲಿ ಜನವೋ ಜನ. ಒಂದು ಕಡೆ ಕತ್ತೆ, ಒಂದು ಕಡೆ ಕತ್ತಿ ಮಸೆಯುವ ಕ್ಷೌರದವನು, ನಡುವೆ ಮಣೆಯ ಮೇಲೆ ಮಾಸ್ತಮ್ಮ. ಮುಡಿ ಬಿಚ್ಚಿ ನೀರು ಚಿಮುಕಿಸಿದ್ದಾರೆ. ಅಷ್ಟು ಬಿರುಸು ನಾಲಿಗೆಯವಳು ಆವತ್ತು ಒಂದು ಮಾತೂ ಆಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ರಾಣಿ ಅದನ್ನು ನೋಡುತ್ತಿದ್ದಳು. ಹೋಗುವ ಕೂದಲಿನ ನೋವು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ತಡೀರಿ!" ಅಂದಳು ರಾಣಿ. ರಾಜ ತಿರುಗಿ ನೋಡಿದ. "ಹೊಸ ದಿವಾನರನ್ನ ನಾನು ಮೂರು ಮಾತು ಕೇಳಬೇಕು."

ಬೆಣ್ಣಯ್ಯ ಬಗ್ಗಿ ಕೈ ಮುಗಿದ. ಇವಳೇನು ಬಾಯಿ ಬಿಟ್ಟಾಳು ಅನ್ನುವ ಹಮ್ಮು ಅವನ ಮುಖದಲ್ಲಿ.

"ನಿಮ್ಮ ಕುಂಚ ಯಾವ ಹಂದೀದು?"

"ಒಂದು ಮುದಿ ಹೆಣ್ಣುಹಂದೀದು, ತಾಯಿ."

"ನೋಡೋಕೆ ಹೇಗಿತ್ತು?"

"ಕೆಸರಲ್ಲಿ ಹೊರಳಿ ಹೊರಳಿ ಕೊಬ್ಬಿತ್ತು, ತಾಯಿ. ಮೂತಿ ಇಷ್ಟುದ್ದ. ಗುರುಗುಟ್ಟೋದು ಊರಿಗೆಲ್ಲ ಕೇಳ್ತಿತ್ತು." ಜನ ಗೊಳ್ಳೆಂದು ನಕ್ಕರು. ರಾಜನೂ ನಕ್ಕ.

"ಸತ್ಯವಾಗಿ ಹಂದಿಯೇನಾ?"

"ನಮ್ಮಪ್ಪನಾಣೆಗೂ ಹಂದಿಯೇ!"

ರಾಣಿ ತಲೆಯ ಮೇಲಿನ ಸೆರಗು ಕೆಳಗೆ ಬಿಟ್ಟಳು. ಗೇಣುದ್ದದ ಕೂದಲು ಗಾಳಿಗೆ ಹಾರಿತು.

"ಹಾಗಾದರೆ ಕೇಳಿ, ಎಲ್ಲರೂ. ನೀವು ಹಾಡು ಕಟ್ಟಿದ ಜಡೆ ನನ್ನದಲ್ಲ, ಚೌರಿ. ಆ ಚೌರಿ ಕದ್ದು ಇವನು ಕುಂಚ ಮಾಡಿದ. ಇವನು ಹೇಳಿದ ಆ ಮುದಿ ಹಂದಿ ನನ್ನ ಹೆತ್ತ ತಾಯಿ!"

"ಹಿಡಿಕೆ ಸೀಳಿ ನೋಡಿ, ಅವಳು ಸೇರಿಸಿದ ಬೆಳ್ಳಿಯ ಗುಂಡು ಇರುತ್ತೆ" ಅಂದಳು. ಕ್ಷೌರದವನು ತನ್ನ ಚೀಲದಲ್ಲಿದ್ದ ಆ ಕುಂಚ ತೆಗೆದು ಕತ್ತಿಯಿಂದ ಹಿಡಿಕೆಯನ್ನು ಸೀಳಿದ. ಒಳಗೆ ಬಿಗಿದ ಗಂಟು, ಗಂಟಿನಲ್ಲಿ ಬೆಳ್ಳಿಯ ಗುಂಡು. ಗುಂಡು ಟಣ್ಣೆಂದು ಕಲ್ಲಿನ ಮೇಲೆ ಬಿತ್ತು.

ರಾಜ ಧಡಕ್ಕನೆ ಎದ್ದು ನಿಂತ. ಅತ್ತೆ ಬದುಕಿದ್ದಾಗ ಅಳಿಯನ ಎದುರು ನಿಂತವಳೇ ಅಲ್ಲ. ಬಾಗಿಲ ಮರೆಯಿಂದಲೇ ಮಾತು. ಅಳಿಯನೂ ಅವಳ ನೆರಳು ಕಂಡರೆ ಎದ್ದು ನಿಲ್ಲುತ್ತಿದ್ದ. "ಅಂದರೆ... ಇಷ್ಟು ದಿನ... ಅತ್ತೆಯವರನ್ನ... ಗಲ್ಲಕ್ಕೆ..." ಅಂದ. ಎರಡೂ ಗಲ್ಲವನ್ನು ಉತ್ತರೀಯದಲ್ಲಿ ಒರೆಸಿದ, ಮತ್ತೆ ಒರೆಸಿದ. ಆಮೇಲೆ ಸೀಳಿದ ಕುಂಚಕ್ಕೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

ಒಬ್ಬರೂ ರಾಣಿಯನ್ನು ನೋಡಿ ನಗಲಿಲ್ಲ. ರಾಜ ಮೆಲ್ಲನೆ ಕೇಳಿದ, "ನನ್ನ ಹತ್ತಿರವಾದರೂ ಹೇಳಬಾರದಿತ್ತೇ?"

"ನೀವು ನಯವಾದ ಮಾತು ಮಾತ್ರ ಕೇಳ್ತಿದ್ದಿರಿ" ಅಂದಳು ರಾಣಿ. "ಕೂದಲು ಹೋದರೆ ಬರುತ್ತೆ. ಇವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಹೋಗ್ತಿದ್ದ ಮಾನ ಬರ್ತಿರಲಿಲ್ಲ." ಸೆರಗಿನಿಂದ ಹಂದಿ ಕೂದಲಿನ ಕುಂಚ ತೆಗೆದು, ಕ್ಷೌರದವನ ಬಟ್ಟಲಿನ ನೊರೆಗೆ ಅದ್ದಿ, ರಾಜನ ಗಲ್ಲಕ್ಕೆ ಸವರಿದಳು. ರಾಜ ಹೆದರಿ ಹಿಂದೆ ಸರಿದ, ಆಮೇಲೆ ನಿಂತ. ಚುಚ್ಚುವುದಿರಲಿ, ಅದು ಮುಟ್ಟಿದ್ದೇ ಹಿತವಾಗಿತ್ತು. ಆ ಕುಂಚ ಅವನ ಕೂಳೆಗಡ್ಡದ ಬುಡಬುಡಕ್ಕೂ ಇಳಿದು ನೊರೆ ಎಬ್ಬಿಸಿತು.

"ಪಳಗಬೇಕಾಗಿದ್ದದ್ದು ಕುಂಚ ಒಂದೇ ಅಲ್ಲ" ಅಂದ ರಾಜ. ತಾನೇ ಬಗ್ಗಿ ಮಾಸ್ತಮ್ಮನ ಕೈ ಹಿಡಿದು ಎಬ್ಬಿಸಿದ. "ಕೇಳಿದ್ದು ಕೊಡ್ತೀನಿ ಅಂದಿದ್ದೆ. ಕೇಳು, ಅವ್ವಾ."

ಮಾಸ್ತಮ್ಮ ಕಣ್ಣೊರೆಸಿಕೊಂಡಳು. ನಾಲಿಗೆ ವಾಪಸ್ಸು ಬಂದಿತ್ತು. ಓಡಲು ನೋಡುತ್ತಿದ್ದ ಬೆಣ್ಣಯ್ಯನನ್ನು ಕಾವಲುಗಾರರು ಆಗಲೇ ಹಿಡಿದು ತಂದು ಅದೇ ಮಣೆಯ ಮೇಲೆ ಕೂರಿಸಿದ್ದರು.

"ಬುದ್ಧೀ, ನಮ್ಮನೇಲಿ ಹೊಸ ಕುಂಚ ಒಂದು ಮೂಟೆ ಬಿದ್ದೈತೆ. ಒಂದೂ ಪಳಗಿಲ್ಲ" ಅಂದಳು. "ಇವಯ್ಯನ ತಲೆ ಬೋಳ್ಸಿ ಕೊಡ್ಸಿ. ಅದ್ರ ಮ್ಯಾಲೇ ಎಲ್ಲಾನೂ ಪಳಗಿಸ್ಕೊಂತೀನಿ."

ಹಾಗೇ ಆಯಿತು. ಗಸಗಸ, ಗಸಗಸ! ಬೆಣ್ಣಯ್ಯನ ಬಾಯಿಂದ ಅವತ್ತು ಬಂದ ಮಾತು ಯಾವುದೂ ಬೆಣ್ಣೆಯಂತಿರಲಿಲ್ಲ. ಕಗ್ಗಲಪುರದ ಹೆಂಗಸರು ರಾಗಿ ಬೀಸುವಾಗ ಹಳೆಯ ಹಾಡು ಬಿಟ್ಟು ಹೊಸ ಹಾಡು ಕಟ್ಟಿದರು. ಅದು ಗೇಣುದ್ದದ ಜಡೆಯ ರಾಣಿಯ ಹಾಡು.

ಅದಕ್ಕೇ ಹೇಳುವುದು, ಮಕ್ಕಳೇ. ಮೊದಲ ದಿನವೇ ನಯವಾಗಿರುವುದನ್ನು ನೀರಿಗೆ ಹಾಕಿ ನೋಡಿ, ಆಮೇಲೆ ನಂಬಿ. ಮೊದಲ ದಿನ ಚುಚ್ಚಿತು ಅಂತ ಯಾವುದನ್ನೂ ಕಸಕ್ಕೆ ಎಸೆಯಬೇಡಿ, ಯಾರನ್ನೂ ದೂರ ಮಾಡಬೇಡಿ. ನಿಮ್ಮ ಗುಟ್ಟನ್ನು ಹಿಡಿದು ಹೆದರಿಸುವವನು ಬಂದರೆ, ಆ ಗುಟ್ಟನ್ನು ನೀವೇ ಬಯಲಿಗೆ ತನ್ನಿ. ಆಗ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೂಂ, ಇನ್ನು ಗಲ್ಲ ಸವರಿಕೊಳ್ಳಬಹುದು.