ನೀರಿನ ಬಾಗಿಲಿಗೊಂದು ಹೊಸ್ತಿಲು

"ಕೇಳ್ರಪ್ಪೋ ಕೇಳಿ! ನೀಲಗುಂದಿಯ ಅರಸರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರ ತಲೆ, ಹುಣ್ಣಿಮೆಯ ಮಾರನೆಯ ಬೆಳಗ್ಗೆ, ಚುಟ್ಟದ ಸಿರಿಯವ್ವನ ತಲೆಯ ಜೊತೆಗೇ ಉರುಳುತ್ತದೆ!"

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. ಸಿರಿಯವ್ವ ಮಾಡಿದ ಪಾಪವಾದರೂ ಏನು ಅಂತೀರಾ? ಅರಮನೆಗೆ ಹೊಗೆಸೊಪ್ಪಿನ ಚುಟ್ಟ ಸುತ್ತಿಕೊಡುತ್ತಿದ್ದಳು, ಅಷ್ಟೇ. ಅರಸ ಹೊನ್ನಭೂಪನಿಗೆ ಲಕ್ವ ಹೊಡೆದು ಬಾಯಿ ಒಂದು ಕಡೆಗೆ ವಾಲಿತ್ತು, ಆ ಕಡೆಯಿಂದ ಜೊಲ್ಲು ಇಳಿಯುತ್ತಿತ್ತು. ಒಂದು ದಿನ ನೆಂಟರಾಗಿ ಬಂದ ಅರಸರ ಮುಂದೆ ಠೀವಿಯಿಂದ ಚುಟ್ಟ ಹಚ್ಚಿದ. ಬಾಯಿಗಿಟ್ಟ ತುದಿ ನೆನೆದು, ಮುದ್ದೆಯಾಗಿ, ಬಿಚ್ಚಿಕೊಂಡು ಗದ್ದದ ತುಂಬ ಹೊಗೆಸೊಪ್ಪು! ನೆಂಟರು ಬಾಯಿಗೆ ಶಲ್ಯ ಅಡ್ಡ ಹಿಡಿದು ನಕ್ಕರು. ಅರಸನಿಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ತನ್ನ ಬಾಯಿಯ ಮೇಲೆ ತಾನೇ ಸಿಟ್ಟು ಮಾಡಿಕೊಳ್ಳಲಾದೀತೇ? ಚುಟ್ಟ ಸುತ್ತಿದವಳನ್ನು ಹಿಡಿಸಿ ಸೆರೆಗೆ ಹಾಕಿಸಿದ.

ಅರ್ಧ ರಾಜ್ಯ ಅಂದರೆ ಯಾರು ಬಿಡುತ್ತಾರೆ? ಮೊದಲು ಬಂದವನು ಆಸ್ಥಾನದ ಪಂಡಿತ. ಅರಸ ಮುಖಕ್ಕೆ ರೇಷ್ಮೆ ವಸ್ತ್ರ ಅಡ್ಡ ಹಿಡಿದುಕೊಂಡೇ ಕೇಳಿದ: "ಒಂದು ಮನೆ. ಅದಕ್ಕೆ ಎರಡು ಬಾಗಿಲು. ಒಂದು ಬಾಗಿಲಿಗೆ ಬೆಂಕಿ ಬಂದರೆ ಮನೆ ಬದುಕುತ್ತದೆ, ಇನ್ನೊಂದಕ್ಕೆ ನೀರು ಬಂದರೆ ಸಾಯುತ್ತದೆ. ಮನೆ ಯಾವುದು? ಇದು ಮೊದಲನೆಯದು. ಆ ನೀರು ಕರೆಯದೆ ಬರುತ್ತದೆ, ತಡೆದರೂ ಬರುತ್ತದೆ. ಕೂಸಿಗೆ ಬಂದರೆ ಎಲ್ಲರೂ ಮುದ್ದಾಡುತ್ತಾರೆ, ದೊಡ್ಡವನಿಗೆ ಬಂದರೆ ಮುಖ ತಿರುಗಿಸುತ್ತಾರೆ. ಅದರ ಹೆಸರೇನು? ಇದು ಎರಡನೆಯದು. ಆ ನೀರಿನ ಬಾಗಿಲಿಗೆ ಹೊಸ್ತಿಲು ಕಟ್ಟಬೇಕು. ಹೊಸ್ತಿಲು ನೆನೆಯಬಾರದು, ತುಟಿಗೆ ಅಂಟಬಾರದು, ಉಸಿರು ಕಟ್ಟಬಾರದು. ಅದನ್ನು ಮಾಡಿ ತೋರಿಸು. ಇದು ಮೂರನೆಯದು."

"ಮನೆ ಅಂದರೆ ಚುಟ್ಟ, ಮಹಾಪ್ರಭು," ಎಂದ ಪಂಡಿತ. ಎರಡನೆಯದೂ ಅವನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅರಸನ ಎದುರು ಆ ಮಾತು ಆಡುವುದು ಹೇಗೆ? ಬೆವತುಹೋದ. "ಆ ನೀರು... ಪನ್ನೀರು, ಪ್ರಭು."

ಅಯ್ಯೋ ಪುಣ್ಯಾತ್ಮಾ! ಪನ್ನೀರಂತೆ!

"ಎಳೆದುಕೊಂಡು ಹೋಗಿ," ಎಂದ ಅರಸ.

ಆಮೇಲೆ ಬಂದ ದಳವಾಯಿಯ ಮಗ ಕಣ್ಣೀರು ಎಂದ. ಅವನೂ ಒಳಗೆ. ಮಂತ್ರಿಯ ಅಳಿಯ ಬಲು ಜಾಣ. ಎರಡನೆಯ ಒಗಟನ್ನು ನುಂಗಿಕೊಂಡು ನೇರ ಮೂರನೆಯದಕ್ಕೆ ಹಾರಿದ. ನೀರು ಅಂಟದ ಎಲೆ ಅಂದರೆ ಕೆಸುವಿನ ಎಲೆ ಎಂದು ಅದನ್ನೇ ಚುಟ್ಟದ ತುದಿಗೆ ಸುತ್ತಿ ಕೊಟ್ಟ. ಅರಸ ಬಾಯಿಗಿಟ್ಟನೋ ಇಲ್ಲವೋ, ತುರಿಕೆ ಹತ್ತಿ ತುಟಿ ಬೋಂಡದಷ್ಟು ಊದಿತು. ಅಳಿಯನನ್ನು ಎಳೆದುಕೊಂಡು ಹೋಗಿ ಎಂದು ಹೇಳುವುದಕ್ಕೂ ಅರಸನಿಗೆ ಬಾಯಿ ಬರಲಿಲ್ಲ, ಕೈ ತೋರಿಸಿದ.

ಸಿರಿಯವ್ವನಿಗೆ ಬೊಮ್ಮ ಅಂತ ಒಬ್ಬನೇ ಮಗ. ಚಿಕ್ಕಂದಿನಲ್ಲಿ ಹೋರಿಯ ಕೊಂಬು ತಾಗಿ ಅವನ ಕೆಳತುಟಿ ಸೀಳಿತ್ತು. ಬಾಯಿ ಮುಚ್ಚುತ್ತಿರಲಿಲ್ಲ, ಅವನಿಗೂ ಜೊಲ್ಲು ಸುರಿಯುತ್ತಿತ್ತು. ಊರವರು ಅವನನ್ನು ಬೊಮ್ಮ ಎಂದು ಕರೆದದ್ದೇ ಕಡಿಮೆ, ಜೊಲ್ಲ ಎಂದೇ ಕರೆಯುತ್ತಿದ್ದರು. ಅವನು ಗೋಡೆಗೆ ಮುಖ ಮಾಡಿ ಚುಟ್ಟ ಸುತ್ತುತ್ತಿದ್ದ, ಸಂತೆಗೆ ಹೋಗುತ್ತಿರಲಿಲ್ಲ. ಅವ್ವನನ್ನು ಹಿಡಿದುಕೊಂಡು ಹೋದಾಗಲೂ ಬೀದಿಗೆ ಬರಲು ನಾಚಿ ಕದದ ಹಿಂದೆ ನಿಂತಿದ್ದ. ಮುಖದ ನಾಚಿಕೆಗೆ ಅವ್ವನನ್ನು ಬಿಟ್ಟುಕೊಟ್ಟ ನಾಚಿಕೆಯೂ ಸೇರಿ ಅವನಿಗೆ ಅನ್ನ ಇಳಿಯಲಿಲ್ಲ. ಹುಣ್ಣಿಮೆಯ ದಿನ ಎದ್ದವನೇ, ಹಾಳಾಗಿ ಹೋಗಲಿ ನನ್ನ ಮುಖ, ಅವ್ವ ಉಳಿಯಲಿ ಎಂದು ಅರಮನೆಗೆ ನಡೆದ.

ಸಭೆಯಲ್ಲಿ ಅವನ ಗದ್ದ ಕಂಡು ಕಿಸಕ್ಕೆಂದವರು ಅರಸನ ನೆನಪಾಗಿ ಕೆಮ್ಮಿದರು. ಬೊಮ್ಮ ಬಾಯಿಗೆ ಕೈಯಡ್ಡ ಇಟ್ಟುಕೊಂಡು ಅರಸನ ಒಗಟು ಕೇಳಿಸಿಕೊಂಡ.

"ಮನೆ ಅಂದ್ರೆ ಚುಟ್ಟ, ಬುದ್ಧಿ. ಇನ್ನು ಆ ನೀರು..." ಅವನ ಕಿವಿಯೆಲ್ಲ ಬಿಸಿಯಾಯಿತು. ಕೈ ಕೆಳಗಿಳಿಸಿದ. "ಜೊಲ್ಲು, ಬುದ್ಧಿ. ನೋಡಿ, ನಂಗೂ ಸುರೀತದೆ. ಜನ ನಗ್ತಾರೆ ಅಂತ ನಾನು ಹಗಲೊತ್ತು ಹೊರಗೇ ಬರೋದಿಲ್ಲ."

ಅರಸ ಮುಂದಕ್ಕೆ ಬಾಗಿ, "ಹೊಸ್ತಿಲು?" ಎಂದ.

ಬೊಮ್ಮ ಪಂಚೆಯ ಮಡಿಕೆಯಿಂದ ಒಂದು ಚುಟ್ಟ ತೆಗೆದ. "ನನ್ನ ಬಾಯಿಗೆ ಅಂತ ಮಾಡ್ಕೊಂಡಿದ್ದು ಇದು, ಯಾರಿಗೂ ತೋರಿಸಿಲ್ಲ. ತಾಳೆಗರಿಗೆ ಜೇನುಮೇಣ ಉಜ್ಜಿ ತುದಿಗೆ ಬಳೆ ಥರ ಸುತ್ತಿದೀನಿ. ಹೊಗೆಸೊಪ್ಪನ್ನ ತುದೀವರೆಗೂ ತುಂಬಿಲ್ಲ, ಬೆರಳಗಲ ಒಳಗೆ ನಿಲ್ಸಿದೀನಿ. ತುಟಿಗೆ ಮೇಣದ ಗರಿ ಮಾತ್ರ ತಾಗ್ತದೆ, ಜೊಲ್ಲು ಅಲ್ಲೇ ಜಾರಿ ಕೆಳಗೆ ಬೀಳ್ತದೆ. ಸೊಪ್ಪು ನೆನೆಯೋದಿಲ್ಲ."

ಅರಸ ಹಚ್ಚಿ ಸೇದಿದ. ಕೊನೆಯವರೆಗೂ ಸೇದಿದ, ಸೊಪ್ಪಿನ ಒಂದು ಚೂರೂ ತುಟಿಗೆ ಹತ್ತಲಿಲ್ಲ.

"ಆ ಹೆಸರು ನನ್ನ ಬಾಯಲ್ಲಿ ಬರುತ್ತಿರಲಿಲ್ಲ ಕಣಯ್ಯಾ," ಎಂದ ಅರಸ. "ಒಬ್ಬನಾದರೂ ನನ್ನ ಮುಖ ನೋಡಿ ಹೇಳಲಿ ಅಂತಲೇ ಒಗಟು ಮಾಡಿದೆ. ಅರ್ಧ ರಾಜ್ಯ ನಿನ್ನದು."

"ರಾಜ್ಯ ಇರ್ಲಿ ಬುದ್ಧಿ. ನಮ್ಮವ್ವ ಎಲ್ಲಿ?"

ಅರಸನ ತಲೆ ತಗ್ಗಿತು. ಒಳಗೆ ಹಾಕಿದವರನ್ನೆಲ್ಲ ಬಿಡಿ ಎಂದು ಹೇಳಿ, ತಾನೇ ಎದ್ದು ಬೊಮ್ಮನ ಜೊತೆ ಸೆರೆಮನೆಗೆ ಹೋದ. ಕತ್ತಲಲ್ಲಿ ಕೂತಿದ್ದ ಸಿರಿಯವ್ವ ದಡಬಡಿಸಿ ಎದ್ದಳು. ಕೊಲ್ಲಲು ಬಂದರು ಅಂದುಕೊಂಡು ಕೈ ಮುಗಿದಳು.

"ತಪ್ಪು ನಿನ್ನ ಕೈಯದಲ್ಲ ತಾಯಿ, ನನ್ನ ಬಾಯಿಯದು," ಎಂದ ಅರಸ. ಹೇಳುವಾಗ ಅವನ ಗದ್ದದ ಮೇಲೆ ಜೊಲ್ಲು ಇಳಿಯಿತು. ರೇಷ್ಮೆ ವಸ್ತ್ರ ಸಭೆಯಲ್ಲೇ ಉಳಿದಿತ್ತು. ನಾಚಿಕೆಯಿಂದ ಮುಖ ತಿರುಗಿಸಹೋದ.

ಸಿರಿಯವ್ವನ ಕೈ ಅವಳ ಮಾತು ಕೇಳಬೇಕಲ್ಲ! ಸೆರಗಿನ ತುದಿ ಹಿಡಿದು ಅರಸನ ಗದ್ದ ಒರೆಸಿಯೇಬಿಟ್ಟಳು. "ತಲೆ ಎತ್ತು ಮಗಾ, ಇದಕ್ಕೆಲ್ಲ ಯಾಕೆ..." ಎಂದವಳು, ಒರೆಸಿದ್ದು ಯಾರನ್ನು ಎಂದು ನೆನಪಾಗಿ ಮರಗಟ್ಟಿ ನಿಂತಳು. ಕಾವಲಿನವರು ಕತ್ತಿಗೆ ಕೈ ಹಾಕಿದರು.

ಅರಸ ಮುಖ ತಿರುಗಿಸಲಿಲ್ಲ. "ಈ ಕಡೆಯೂ ಇದೆ ನೋಡವ್ವಾ," ಎಂದ.